ಮೊದಲ ಕಾರು, ಹೊಸ ಲೈಸೆನ್ಸ್: ವಿಮೆ ಕಂತಿನ ಲೆಕ್ಕ ನಾನು ಹಾಕುವ ರೀತಿ

ಕಲಬುರಗಿಯಲ್ಲಿ ಇಪ್ಪತ್ತು, ಇಪ್ಪತ್ತೆರಡರ ಹುಡುಗ ಹುಡುಗಿಯರ ಮೊದಲ ಕಾರಿಗೆ ಪಾಲಿಸಿ ಮಾಡಿಸಿಕೊಡುವಾಗ ಮನೆಯವರು ಮೊದಲು ಕೇಳುವುದು ಒಂದೇ ಮಾತು: ವಯಸ್ಸು ಸಣ್ಣದು, ಲೈಸೆನ್ಸ್ ಹೊಸದು, ಕಂತು ಜಾಸ್ತಿ ಬೀಳ್ತದೇನು? ಬ್ರಿಟನ್, ಅಮೆರಿಕದಲ್ಲಿ ಬೀಳುತ್ತದೆ. ಅಲ್ಲಿ ಓಡಿಸುವವರ ವಯಸ್ಸು ಕಂತಿನ ದೊಡ್ಡ ಪಾಲನ್ನು ತೀರ್ಮಾನಿಸುತ್ತದೆ. ನಮ್ಮಲ್ಲಿ ಪಾಲಿಸಿ ನಿಂತಿರುವುದು ಗಾಡಿಯ ಮೇಲೆ: ಎಂಜಿನ್ ಎಷ್ಟು ಸಿಸಿ, ಗಾಡಿಯ ಬೆಲೆ ಎಷ್ಟು, ಎಷ್ಟು ಹಳೆಯದು, ಯಾವ ಊರಿನ ನೋಂದಣಿ, ಹಿಂದಿನ ವರ್ಷ ಕ್ಲೇಮ್ ಆಗಿದೆಯೇ. ಕೆಲವು ಕಂಪನಿಗಳು ಮಾಲೀಕರ ವಯಸ್ಸು ನೋಡಿ ರಿಯಾಯಿತಿಯನ್ನು ತುಸು ಏರಿಳಿಸುತ್ತವೆ, ಅಷ್ಟೇ. ಹೊಸಬರ ರೊಕ್ಕ ಸೋರುವ ಜಾಗಗಳು ಬೇರೆ ಇವೆ, ಅವನ್ನು ಒಂದೊಂದಾಗಿ ಮುಚ್ಚುತ್ತಾ ಹೋಗುವುದೇ ನನ್ನ ಕ್ರಮ.

ಮೊದಲು ಥರ್ಡ್ ಪಾರ್ಟಿ ಭಾಗ. ಎದುರಿನವರಿಗೆ ಆದ ಹಾನಿಗೆ ಇರುವ ಈ ವಿಮೆ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಕಡ್ಡಾಯ. ದರ ಸರ್ಕಾರದ್ದು, ಯಾವ ಕಂಪನಿಗೆ ಹೋದರೂ ಒಂದೇ, ಚೌಕಾಶಿ ಇಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಂತೆ ಖಾಸಗಿ ಕಾರಿಗೆ ವರ್ಷಕ್ಕೆ 1,000 ಸಿಸಿವರೆಗೆ 2,094 ರೂಪಾಯಿ, 1,000ದಿಂದ 1,500 ಸಿಸಿಗೆ 3,416, ಅದಕ್ಕಿಂತ ಮೇಲೆ 7,897. ಹೊಸ ಕಾರಿಗೆ ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು. 2018ರ ಸೆಪ್ಟೆಂಬರ್‌ನಿಂದ ಇದೇ ನಿಯಮ. ಇದೇ ಪಟ್ಟಿಯಂತೆ ಮೂರು ವರ್ಷದ ಮೊತ್ತ ಕ್ರಮವಾಗಿ 6,521, 10,640 ಮತ್ತು 24,596. ಇದರ ಮೇಲೆ ಶೇ. 18 ಜಿಎಸ್‌ಟಿ.

ಉಳಿತಾಯ ಶುರುವಾಗುವುದು ಇಲ್ಲೇ, ಅದೂ ಗಾಡಿ ಬುಕ್ ಮಾಡುವ ಮೊದಲು. ವ್ಯಾಗನ್ ಆರ್ ಒಂದೇ ಹೆಸರಿನಲ್ಲಿ 998 ಸಿಸಿಯಲ್ಲೂ 1,197 ಸಿಸಿಯಲ್ಲೂ ಬರುತ್ತದೆ. ಥರ್ಡ್ ಪಾರ್ಟಿಯಲ್ಲೇ ಮೂರು ವರ್ಷಕ್ಕೆ ವ್ಯತ್ಯಾಸ 4,119 ರೂಪಾಯಿ, ಜಿಎಸ್‌ಟಿ ಸೇರಿದರೆ 4,860. ಮನೆಯಿಂದ ಕಾಲೇಜು, ಸೂಪರ್ ಮಾರ್ಕೆಟ್, ಸೇಡಂ ರಸ್ತೆ ಇಷ್ಟೇ ಓಡಾಟವಾದರೆ ನಾನು 998 ಸಿಸಿಯನ್ನೇ ಹೇಳುತ್ತೇನೆ. ನಾಲ್ಕು ಜನ ಕೂತು ವಾರ ವಾರ ಹೈದರಾಬಾದಿಗೆ ಹೋಗುವ ಮನೆಯಾದರೆ ಆ ರೊಕ್ಕಕ್ಕಾಗಿ ದೊಡ್ಡ ಎಂಜಿನ್ ಬಿಡಬೇಡಿ.

ಎರಡನೆಯದು ಸ್ವಂತ ಹಾನಿ ಭಾಗ, ಅಂದರೆ ಓಡಿ. ಕಂಪನಿಯಿಂದ ಕಂಪನಿಗೆ ಅಜಗಜಾಂತರ ಬರುವುದು ಇದರಲ್ಲಿ. ಇದಕ್ಕೆ ಆಧಾರ ಐಡಿವಿ, ಅಂದರೆ ವಿಮೆಗೆ ಹಿಡಿಯುವ ಗಾಡಿಯ ಬೆಲೆ: ಕಾರು ತಯಾರಿಸಿದ ಕಂಪನಿ ಪ್ರಕಟಿಸಿದ ಬೆಲೆಯಲ್ಲಿ ಸವಕಳಿ ಕಳೆದು ಉಳಿದದ್ದು. ಆರು ತಿಂಗಳೊಳಗಿನ ಗಾಡಿಗೆ ಶೇ. 5, ವರ್ಷದೊಳಗೆ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಐಡಿವಿಯ ಮೇಲೆ ದರ ಹಾಕುವಾಗ 2002ರ ಟ್ಯಾರಿಫ್ (ಎಲ್ಲ ಕಂಪನಿಗಳಿಗೂ ಒಂದೇ ಇದ್ದ ಹಳೆಯ ದರಪಟ್ಟಿ) ಅನ್ನು ಅಂದಾಜಿಗೆ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಬೆಂಗಳೂರು, ಹೈದರಾಬಾದ್, ಪುಣೆ ಸೇರಿ ಎಂಟು ಮಹಾನಗರಗಳು 'ಎ' ವಲಯ. ಉಳಿದ ಇಡೀ ದೇಶ 'ಬಿ' ವಲಯ. ನಮ್ಮ ಕೆಎ-32, ಯಾದಗಿರಿಯ ಕೆಎ-33, ಬೀದರಿನ ಕೆಎ-38 ಎಲ್ಲವೂ 'ಬಿ'. ಐದು ವರ್ಷದೊಳಗಿನ ಗಾಡಿಗೆ 'ಬಿ' ವಲಯದ ದರ 1,000 ಸಿಸಿವರೆಗೆ ಶೇ. 3.039, 1,500ವರೆಗೆ 3.191, ಮೇಲೆ 3.343.

ಒಂದು ಲೆಕ್ಕ ಹಾಕೋಣ. ಪ್ರಕಟಿತ ಬೆಲೆ 7 ಲಕ್ಷ, 1,197 ಸಿಸಿ. ಐಡಿವಿ 6,65,000. ಓಡಿ 21,220. ಅದೇ ಗಾಡಿ ಬೆಂಗಳೂರಿನಲ್ಲಿ ನೋಂದಣಿಯಾದರೆ 21,832. ಊರಿನ ಲಾಭ 612 ರೂಪಾಯಿ ಮಾತ್ರ, ಅದರ ಆಸೆಗೆ ಬೇರೆ ವಿಳಾಸದಲ್ಲಿ ನೋಂದಣಿ ಮಾಡಿಸುವ ಉಸಾಬರಿ ಬೇಡ. 2007ರಿಂದ ಓಡಿ ದರದಲ್ಲಿ ಕಂಪನಿಗಳಿಗೆ ಸ್ವಾತಂತ್ರ್ಯ ಇರುವುದರಿಂದ ಈ 21,220ರ ಮೇಲೆ ಒಬ್ಬರು ಶೇ. 40 ಬಿಟ್ಟರೆ ಇನ್ನೊಬ್ಬರು 60 ಬಿಡಬಹುದು. ಶೇ. 60 ಸಿಕ್ಕಿತು ಎಂದುಕೊಂಡರೆ ಓಡಿ 8,488. ಮೂರು ವರ್ಷದ ಥರ್ಡ್ ಪಾರ್ಟಿ 10,640 ಸೇರಿ 19,128, ಜಿಎಸ್‌ಟಿಯೊಂದಿಗೆ 22,571. ಇದರ ಮೇಲೆ ಮಾಲೀಕ-ಚಾಲಕರ ಅಪಘಾತ ವಿಮೆ ಮತ್ತು ಬೇಕಾದರೆ ಹೆಚ್ಚು ಕಂತು ಕಟ್ಟಿ ತಗೊಳ್ಳುವ ಆಡ್‌-ಆನ್‌ಗಳು. ಶೋರೂಮಿನವರು ಕೊಟ್ಟ ಹಾಳೆಯಲ್ಲಿ ಒಟ್ಟು ಮೊತ್ತ ಇದರ ಇಮ್ಮಡಿ ಇದ್ದರೆ, ಓಡಿ ರಿಯಾಯಿತಿ ಎಷ್ಟು ಶೇಕಡಾ ಎಂದು ಒಂದೇ ಪ್ರಶ್ನೆ ಕೇಳಿ. ಬಹಳ ಸಲ ಅಲ್ಲಿಂದಲೇ ಸಾವಿರಗಳು ಇಳಿಯುತ್ತವೆ.

ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯ ಯಾವ ಕಾನೂನಿನಲ್ಲೂ ಇಲ್ಲ. ನಾನು ಮಾಡಿಸುವ ಕ್ರಮ ಹೀಗಿದೆ. ಬುಕಿಂಗ್ ದಿನವೇ ಹೊರಗಿನ ಎರಡು ಮೂರು ಕಂಪನಿಗಳಿಂದ ಅದೇ ವೇರಿಯಂಟ್, ಅದೇ ಐಡಿವಿ, ಅವೇ ಆಡ್‌-ಆನ್‌ಗಳಿಗೆ ಕೊಟೇಶನ್. ಐಡಿವಿ ಬೇರೆ ಬೇರೆ ಇಟ್ಟು ಹೋಲಿಸಿದರೆ ಹೋಲಿಕೆಗೆ ಅರ್ಥವಿಲ್ಲ. ಗಾಡಿ ಅಲಾಟ್ ಆದ ಕೂಡಲೇ ಚಾಸಿಸ್ ಮತ್ತು ಎಂಜಿನ್ ನಂಬರ್ ಇರುವ ಪ್ರೊಫಾರ್ಮಾ ಬರವಣಿಗೆಯಲ್ಲಿ ಕೇಳಿ ಪಡೆಯುವುದು. ಪ್ಯಾನ್, ಆಧಾರ್, ನಾಮಿನಿ ಹೆಸರು, ಸಾಲವಿದ್ದರೆ ಬ್ಯಾಂಕಿನ ಹೆಸರು ಸಿದ್ಧ ಇರಬೇಕು. 2023ರ ಜನವರಿಯಿಂದ ಕೆವೈಸಿ ಇಲ್ಲದೆ ಪಾಲಿಸಿ ಹೊರಬೀಳುವುದಿಲ್ಲ. ನೋಂದಣಿಗೆ ಮೊದಲೇ ಪಾಲಿಸಿ ಕೈಯಲ್ಲಿರಬೇಕಾದ್ದರಿಂದ ಒಂದು ದಿನ ತಡವಾದರೂ ಶೋರೂಮಿನವರು ತಮ್ಮ ಪಾಲಿಸಿಯನ್ನೇ ಹಾಕಿಬಿಡುತ್ತಾರೆ.

'ಹೊರಗೆ ಮಾಡಿಸಿದರೆ ಕ್ಯಾಶ್‌ಲೆಸ್ ಸಿಗಲ್ಲ' ಎಂಬ ಮಾತು ಬರುತ್ತದೆ. ಅಂದರೆ ರಿಪೇರಿ ಬಿಲ್ಲನ್ನು ವಿಮಾ ಕಂಪನಿಯೇ ನೇರ ವರ್ಕ್‌ಶಾಪಿಗೆ ಕಟ್ಟುವ ಸೌಲಭ್ಯ. ಕ್ಯಾಶ್‌ಲೆಸ್ ನಿಂತಿರುವುದು ವಿಮಾ ಕಂಪನಿಗೂ ವರ್ಕ್‌ಶಾಪಿಗೂ ಇರುವ ಒಪ್ಪಂದದ ಮೇಲೆ. ಪಾಲಿಸಿ ಮಾರಿದವರು ಯಾರು ಎಂಬುದರ ಮೇಲೆ ನಿಂತಿಲ್ಲ. ಆದರೆ ಆ ಒಪ್ಪಂದ ನಮ್ಮ ಊರಿನಲ್ಲಿ ಇದೆಯೇ ಎಂದು ಕಂಪನಿಯ ಪಟ್ಟಿಯಲ್ಲಿ ನೋಡಲೇಬೇಕು. ಯಾದಗಿರಿ, ಶಹಾಪುರ, ಸುರಪುರದ ಕಡೆಯವರಿಗೆ ಇದು ಇನ್ನೂ ಮುಖ್ಯ. ಯಾದಗಿರಿಯಿಂದ ಕಲಬುರಗಿಗೆ ಸುಮಾರು 80 ಕಿ.ಮೀ. ಎಳೆದು ತರಬೇಕಾದರೆ ಮಾಮೂಲಿ ಪಾಲಿಸಿಯಲ್ಲಿ ಟೋಯಿಂಗ್‌ಗೆ ಸಿಗುವುದು ಗರಿಷ್ಠ 1,500 ರೂಪಾಯಿ. ರೋಡ್‌ಸೈಡ್ ಅಸಿಸ್ಟೆನ್ಸ್ ತಗೊಂಡರೆ ಅದರಲ್ಲಿ ಎಷ್ಟು ಕಿ.ಮೀ.ವರೆಗೆ ಉಚಿತ ಎಂದು ಓದಿ. ನಮ್ಮ ಕಡೆಯ ದೂರಕ್ಕೆ ಸಾಲದಷ್ಟು ಕಡಿಮೆ ಮಿತಿ ಇಟ್ಟ ಯೋಜನೆಗಳೂ ಇವೆ.

ಇನ್ನು ಆಡ್‌-ಆನ್‌ಗಳು. ಹೊಸದಾಗಿ ಓಡಿಸುವವರಿಗೆ ನಾನು ಬಿಡದೆ ಹಾಕಿಸುವುದು ಝೀರೋ ಡೆಪ್, ಅಂದರೆ ಬಿಡಿಭಾಗಗಳ ಬೆಲೆಯಲ್ಲಿ ಸವಕಳಿ ಕಡಿತ ಮಾಡದ ರಕ್ಷಣೆ. ಕಾರಣ ಸರಳ: ಹೊಸ ಕೈಯಲ್ಲಿ ಒಡೆಯುವುದು ಬಂಪರ್, ಲ್ಯಾಂಪ್, ಕನ್ನಡಿಯ ಕವಚ. ಎಲ್ಲವೂ ಪ್ಲಾಸ್ಟಿಕ್. ಮಾಮೂಲಿ ಪಾಲಿಸಿ ಪ್ಲಾಸ್ಟಿಕ್, ರಬ್ಬರು, ಟೈರು, ಬ್ಯಾಟರಿಗೆ ಗಾಡಿ ಹೊಸದಿದ್ದರೂ ಶೇ. 50 ಕಡಿತ ಮಾಡುತ್ತದೆ. ಗಾಜಿಗೆ ಕಡಿತ ಇಲ್ಲ. ಲೋಹಕ್ಕೆ ಮೊದಲ ಆರು ತಿಂಗಳು ಇಲ್ಲ, ಆಮೇಲೆ ವರ್ಷದವರೆಗೆ ಶೇ. 5, ಎರಡು ವರ್ಷದವರೆಗೆ 10, ಹೀಗೆ ಏರುತ್ತದೆ. 12,000ದ ಬಂಪರ್-ಲ್ಯಾಂಪ್ ಬಿಲ್ಲಿನಲ್ಲಿ 6,000 ನಿಮ್ಮದೇ, ಜೊತೆಗೆ ಕಡ್ಡಾಯ ಕಡಿತ 1,000. ಗಾಡಿ 1,500 ಸಿಸಿ ಮೀರಿದ್ದರೆ 2,000. ಝೀರೋ ಡೆಪ್ ಇದ್ದರೆ ಬರೀ ಆ 1,000. ವರ್ಷಕ್ಕೆ ಎಷ್ಟು ಸಲ ಬಳಸಬಹುದು ಎಂಬ ಮಿತಿ ಇರುತ್ತದೆ, ಅದನ್ನು ಓದಿಕೊಳ್ಳಿ.

ಇದಕ್ಕೆ ತದ್ವಿರುದ್ಧ ವಾಲಂಟರಿ ಡಿಡಕ್ಟಿಬಲ್. ಮೊದಲ ಇಷ್ಟು ರೊಕ್ಕ ನಾನೇ ಭರಿಸುತ್ತೇನೆ ಎಂದು ಒಪ್ಪಿದರೆ ರಿಯಾಯಿತಿ. ಟ್ಯಾರಿಫ್ ಪ್ರಕಾರ 5,000ಕ್ಕೆ ಒಪ್ಪಿದರೆ ಓಡಿಯಲ್ಲಿ ಶೇ. 25, ಆದರೆ 1,500 ಮೀರದಂತೆ. ಮೊದಲ ಎರಡು ವರ್ಷ ಇದನ್ನು ಮುಟ್ಟಬೇಡಿ. ಐಡಿವಿ ಇಳಿಸಿ ಕಂತು ಇಳಿಸುವುದೂ ಬೇಡ: ಮೇಲಿನ ಉದಾಹರಣೆಯಲ್ಲಿ ಐಡಿವಿಯನ್ನು ಒಂದು ಲಕ್ಷ ಇಳಿಸಿದರೆ ಉಳಿಯುವುದು ಜಿಎಸ್‌ಟಿ ಸೇರಿ ಸುಮಾರು 1,500, ಗಾಡಿ ಕಳುವಾದರೆ ಕಳೆದುಕೊಳ್ಳುವುದು ಒಂದು ಲಕ್ಷ.

ನೀರು ಹೊಕ್ಕು ಎಂಜಿನ್ ಕೆಟ್ಟರೆ ಭರಿಸುವ ಎಂಜಿನ್ ಪ್ರೊಟೆಕ್ಟ್ ಎಲ್ಲರಿಗೂ ಬೇಕಿಲ್ಲ. ಆದರೆ ಅಫಜಲಪುರ, ಜೇವರ್ಗಿ, ಶಹಾಬಾದ್, ಚಿತ್ತಾಪುರದ ಕಡೆ ಭೀಮಾ, ಕಾಗಿಣಾ ದಂಡೆಯ ಊರಿನವರಿಗೆ ಹಾಕಿಸುತ್ತೇನೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಸೇತುವೆ, ರಸ್ತೆಗಳು ಮುಳುಗಿದ್ದನ್ನು ಈ ಭಾಗ ಮರೆತಿಲ್ಲ. ಪ್ರವಾಹದ ನೀರು ಸೀಟು, ವೈರಿಂಗ್ ಹಾಳು ಮಾಡಿದರೆ ಮಾಮೂಲಿ ಪಾಲಿಸಿಯೇ ಕೊಡುತ್ತದೆ. ನೀರಿನಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿದರೆ ಸಿಲಿಂಡರಿಗೆ ನೀರು ಎಳೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದನ್ನು ನೇರ ಅಪಘಾತದ ಹಾನಿ ಅಲ್ಲವೆಂದು ತಳ್ಳಿಹಾಕುತ್ತಾರೆ. ಕೀಲಿ ತಿರುಗಿಸದೆ ತಳ್ಳಿ ಹೊರತಂದು ಟೋ ಮಾಡಿಸುವುದನ್ನು ಓಡಿಸಲು ಕಲಿಯುವಾಗಲೇ ಕಲಿಸಬೇಕು.

ಹೊಸಬರಿಗೆ ನಾನು ಕಾಗದದ ಮೇಲೆ ಬರೆದೇ ತೋರಿಸುವುದು ನೋ ಕ್ಲೇಮ್ ಬೋನಸ್ಸಿನ (ಎನ್‌ಸಿಬಿ) ಲೆಕ್ಕ. ಕ್ಲೇಮ್ ಮಾಡದ ವರ್ಷಗಳಿಗೆ ಓಡಿ ಕಂತಿನಲ್ಲಿ ಶೇ. 20, 25, 35, 45, 50 ಹೀಗೆ ಏರುತ್ತದೆ. ಒಂದು ಕ್ಲೇಮ್ ಆದರೆ ಸೊನ್ನೆ. ಮೊದಲ ವರ್ಷದಲ್ಲೇ ಕ್ಲೇಮ್ ಮಾಡಿದರೆ ಮುಂದಿನ ಐದು ನವೀಕರಣಗಳಲ್ಲಿ ಕಳೆದುಕೊಳ್ಳುವುದು 20, 5, 10, 10, 5. ಕೂಡಿಸಿದರೆ ಒಂದು ವರ್ಷದ ಓಡಿಯ ಅರ್ಧ. ನಮ್ಮ ಉದಾಹರಣೆಯ 8,488ಕ್ಕೆ ಇದು 4,244, ಜಿಎಸ್‌ಟಿ ಸೇರಿ 5,008. ಐಡಿವಿ ಇಳಿಯುತ್ತಾ ಹೋಗುವುದರಿಂದ ವಾಸ್ತವದಲ್ಲಿ 4,000ದ ಆಸುಪಾಸು ಹಿಡಿಯಿರಿ. ಕೈಗೆ ಬರುವ ಕ್ಲೇಮ್ ಮೊತ್ತ ಅದಕ್ಕಿಂತ ಕಡಿಮೆ ಇದ್ದರೆ ಸ್ವಂತ ರೊಕ್ಕದಲ್ಲಿ ರಿಪೇರಿ ಮಾಡಿಸುವುದೇ ಲಾಭ. ಶೇ. 50 ತಲುಪಿದ ಮೇಲೆ ಕ್ಲೇಮ್ ಮಾಡಿದರೆ ನಷ್ಟ 50, 30, 25, 15, 5. ಅಂದರೆ ಒಂದೂಕಾಲು ವರ್ಷದ ಓಡಿ. ಸೇಡಂ, ವಾಡಿ ರಸ್ತೆಯ ಸಿಮೆಂಟ್ ಲಾರಿಗಳ ಹಿಂದೆ ಹೋಗಿ ಗಾಜಿಗೆ ಸಣ್ಣ ಚುಕ್ಕೆ ಬಿದ್ದಾಗ ಈ ಲೆಕ್ಕ ನೆನಪಿರಲಿ: ರೆಸಿನ್ ತುಂಬಿಸಿದರೆ ಮುಗಿಯುವ ಕೆಲಸಕ್ಕೆ ಬೋನಸ್ ಸುಡಬೇಡಿ.

ಬೋನಸ್ ಗಾಡಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಅಪ್ಪ ಹಳೆ ಕಾರು ಮಾರಿ ವಿಮಾ ಕಂಪನಿಯಿಂದ ಎನ್‌ಸಿಬಿ ಪತ್ರ ತಗೊಂಡಿದ್ದರೆ ಮೂರು ವರ್ಷದೊಳಗೆ ತಮ್ಮ ಹೆಸರಿನ ಹೊಸ ಕಾರಿಗೆ ಬಳಸಬಹುದು. ಮಗ, ಮಗಳ ಹೆಸರಿಗೆ ವರ್ಗವಾಗುವುದಿಲ್ಲ. ಮಾಲೀಕರು ತೀರಿಕೊಂಡಾಗ ಮಾತ್ರ ವಾರಸುದಾರರಿಗೆ ಹೋಗುತ್ತದೆ. ಹಾಗಾಗಿ ಹಲವು ಮನೆಗಳಲ್ಲಿ ಗಾಡಿ ಅಪ್ಪನ ಹೆಸರಿನಲ್ಲಿ, ಓಡಿಸುವುದು ಮಗ. ನಮ್ಮ ಕಾನೂನಿನಲ್ಲಿ ಇದು ತಪ್ಪಲ್ಲ, ಲೈಸೆನ್ಸ್ ಇರುವ ಯಾರು ಬೇಕಾದರೂ ಓಡಿಸಬಹುದು. ಅಪ್ಪನ ಬೋನಸ್ ಶೇ. 50 ಇದ್ದರೆ ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷವೇ ಐದು ಸಾವಿರ ಉಳಿಯುತ್ತದೆ. ಆದರೆ 15 ಲಕ್ಷದ ಕಡ್ಡಾಯ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ ಮಾತ್ರ. ಓಡಿಸುತ್ತಿದ್ದ ಮಗನಿಗೆ ಏನಾದರೂ ಆದರೆ ಅದರಿಂದ ಬಿಡಿಗಾಸು ಬರುವುದಿಲ್ಲ. ಥರ್ಡ್ ಪಾರ್ಟಿಯಲ್ಲೂ ದಾರಿಯಿಲ್ಲ: ಗಾಡಿ ಎರವಲು ಪಡೆದು ಓಡಿಸುವವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ಆದ್ದರಿಂದ ಅಪ್ಪನ ಹೆಸರಿನಲ್ಲಿ ತಗೊಂಡರೆ ಉಳಿದ ರೊಕ್ಕದಲ್ಲಿ ಮಗನ ಹೆಸರಿಗೆ ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಲೇಬೇಕು. ಇದನ್ನು ಒಪ್ಪದ ಮನೆಯವರಿಗೆ ಗಾಡಿ ಮಗನ ಹೆಸರಿನಲ್ಲೇ ಇರಲಿ ಎನ್ನುತ್ತೇನೆ.

ಲರ್ನರ್ ಲೈಸೆನ್ಸ್ ಇದ್ದಾಗ ವಿಮೆ ಸಿಗುತ್ತದೆಯೇ? ಸಿಗುತ್ತದೆ, ಷರತ್ತಿನ ಮೇಲೆ. ಕೇಂದ್ರ ಮೋಟಾರು ವಾಹನ ನಿಯಮ 3ರಂತೆ ಮುಂದೆ ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಇರಬೇಕು, ಪಕ್ಕದಲ್ಲಿ ಪೂರ್ಣ ಲೈಸೆನ್ಸ್ ಇರುವವರು ಗಾಡಿ ನಿಲ್ಲಿಸಬಲ್ಲ ಜಾಗದಲ್ಲಿ ಕೂತಿರಬೇಕು. ರಿಂಗ್ ರೋಡಿನಲ್ಲಿ ಬೆಳಗಿನ ಜಾವ ಒಬ್ಬರೇ ಪ್ರಾಕ್ಟೀಸ್ ಮಾಡುವಾಗ ತಾಗಿದರೆ ಕ್ಲೇಮ್ ಹೋಯಿತೆಂದೇ ಲೆಕ್ಕ. ಹದಿನೆಂಟು ತುಂಬದವರಿಗೆ ಕೀಲಿ ಕೊಟ್ಟರೆ 199ಎ ಕಲಮಿನಂತೆ ಪಾಲಕರಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ, ನೋಂದಣಿ ಹನ್ನೆರಡು ತಿಂಗಳು ರದ್ದು. ಬಿಳಿ ಬೋರ್ಡಿನ ಗಾಡಿಯಲ್ಲಿ ಗಾಣಗಾಪುರಕ್ಕೆ ಬಾಡಿಗೆ ಜನ ಕರೆದೊಯ್ದರೂ ಸ್ವಂತ ಹಾನಿ ಕ್ಲೇಮ್ ನಿಲ್ಲುವುದಿಲ್ಲ.

ಮೊದಲ ಕಾರು ಸೆಕೆಂಡ್ ಹ್ಯಾಂಡ್ ಆದರೆ ಒಂದು ಅಂಕಿ ಮುಖ್ಯ: 14 ದಿನ. ಗಾಡಿ ಹೆಸರಿಗೆ ಬಂದ ಮೇಲೆ ಥರ್ಡ್ ಪಾರ್ಟಿ ರಕ್ಷಣೆ 157ನೇ ಕಲಮಿನಂತೆ ತಾನಾಗಿಯೇ ಜೊತೆಗೆ ಬರುತ್ತದೆ, ಸ್ವಂತ ಹಾನಿ ಬರುವುದಿಲ್ಲ. ಅದಕ್ಕೆ 14 ದಿನದೊಳಗೆ ಆರ್‌ಸಿ, ಮಾರಾಟದ ಫಾರಂ 29 ಮತ್ತು 30ರ ಪ್ರತಿ, ಹಳೆ ಪಾಲಿಸಿಯೊಂದಿಗೆ ಕಂಪನಿಗೆ ಅರ್ಜಿ ಕೊಡಬೇಕು. ಹಳೆ ಮಾಲೀಕರ ಬೋನಸ್ ನಿಮಗೆ ಸಿಗದ ಕಾರಣ ಉಳಿದ ಅವಧಿಯ ವ್ಯತ್ಯಾಸ ಕಟ್ಟಬೇಕಾಗುತ್ತದೆ. ಗಾಡಿಯ ಬೆಲೆ ಮಾತಾಡುವಾಗಲೇ ಅದನ್ನು ಸೇರಿಸಿಕೊಳ್ಳಿ. ಸೋಲಾಪುರ, ಹೈದರಾಬಾದ್ ಕಡೆಯಿಂದ ತಂದ ಗಾಡಿಗೆ ಸಿಎನ್‌ಜಿ ಕಿಟ್ ಇದ್ದರೆ ಅದು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ದಾಖಲಾಗಿದೆಯೇ ನೋಡಿ. ಟ್ಯಾರಿಫ್‌ನಲ್ಲಿ ಕಿಟ್ ಬೆಲೆಯ ಶೇ. 4 ಓಡಿಗೆ, 60 ರೂಪಾಯಿ ಥರ್ಡ್ ಪಾರ್ಟಿಗೆ, ಇಷ್ಟೇ ಹೆಚ್ಚುವರಿ. ದಾಖಲಾಗದ ಕಿಟ್‌ನಿಂದ ಬೆಂಕಿ ಹತ್ತಿದರೆ ಇಡೀ ಕ್ಲೇಮ್ ತಕರಾರಿಗೆ ಬೀಳುತ್ತದೆ. ರಸ್ತೆ ಬದಿಯ ಟೇಬಲ್ಲಿನಲ್ಲಿ ಮಾಡಿಸಿದ ಪಾಲಿಸಿಯಾದರೆ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ, ವಿಮೆಯ ಕೊನೆಯ ದಿನಾಂಕ ಕಾಗದದ ಜೊತೆ ಹೊಂದುತ್ತದೆಯೇ ಪರೀಕ್ಷಿಸಿ, ಆಮೇಲೆ ಕಂಪನಿಯ ಸಹಾಯವಾಣಿಯಲ್ಲಿ ಪಾಲಿಸಿ ನಂಬರ್ ಖಚಿತಪಡಿಸಿಕೊಂಡೇ ಗಾಡಿ ರಸ್ತೆಗಿಳಿಸಿ.