ಕ್ಯಾಲಿಫೋರ್ನಿಯಾದ ಗಾಂಜಾ ಪೊಟ್ಟಣ: ಲೇಬಲ್ ಓದುವುದು ಹೇಗೆ?

ಮಗಳ ಬಾಣಂತನಕ್ಕೆ, ಮೊಮ್ಮಗನ ನಾಮಕರಣಕ್ಕೆ ಅಂತ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಅಪ್ಪ-ಅಮ್ಮಂದಿರು ನಮ್ಮಲ್ಲಿ ಜಾಸ್ತಿ. ಅಲ್ಲಿ 2018ರ ಜನವರಿ 1ರಿಂದ, 21 ವರ್ಷ ತುಂಬಿದವರು ಪರವಾನಗಿ ಇರುವ ಅಂಗಡಿಯಲ್ಲಿ ಗಾಂಜಾ ಕೊಳ್ಳಬಹುದು. ಗಾಂಜಾ ಅಂದರೆ ಸೇದುವುದು ಮಾತ್ರ ಅಂದುಕೊಳ್ಳಬೇಡಿ. ಚಾಕೊಲೇಟ್, ಬಿಸ್ಕತ್ತು, ಗಮ್ಮಿ (ಅಗಿಯುವ ಜೆಲ್ಲಿ ಮಿಠಾಯಿ), ಕುಡಿಯುವ ಪಾನೀಯ, ಎಲ್ಲದರಲ್ಲೂ ಬರುತ್ತದೆ. ಪೊಟ್ಟಣದಿಂದ ಹೊರಗೆ ತೆಗೆದಿಟ್ಟರೆ ಮಕ್ಕಳು ತಿನ್ನುವ ಗಮ್ಮಿ ಯಾವುದು, ಇದು ಯಾವುದು ಅಂತ ಗೊತ್ತೇ ಆಗುವುದಿಲ್ಲ. ಹಾಗಾಗಿ ಪೊಟ್ಟಣವನ್ನು ಓದಲು ಕಲಿಯಲೇಬೇಕು.

ಮೊದಲು ತ್ರಿಕೋನ ಹುಡುಕಿ

ಪೊಟ್ಟಣದ ಮುಂದುಗಡೆ ಒಂದು ಕಪ್ಪು ತ್ರಿಕೋನ ಇರುತ್ತದೆ. ಒಳಗೆ ಗಾಂಜಾ ಎಲೆ ಮತ್ತು ಆಶ್ಚರ್ಯಸೂಚಕ ಚಿಹ್ನೆ. ಕೆಳಗೆ ಇಂಗ್ಲಿಷಿನ ಸಿ, ಎ ಅಕ್ಷರಗಳು. ಅದು ಅರ್ಧ ಇಂಚಿಗಿಂತ ಚಿಕ್ಕದಿರಬಾರದು. ತಿನಿಸಾದರೆ ಅದರ ಹೆಸರಿನ ಮೇಲೆ ದಪ್ಪಕ್ಷರದಲ್ಲಿ 'ಕ್ಯಾನಬಿಸ್ ಇನ್‌ಫ್ಯೂಸ್ಡ್', ಅಂದರೆ ಗಾಂಜಾ ಬೆರೆಸಿದ್ದು, ಎಂದಿರಬೇಕು. ಲೇಬಲ್‌ನ ಉಳಿದ ಅಕ್ಷರಗಳು 6 ಪಾಯಿಂಟ್‌ನಷ್ಟಿದ್ದರೂ ನಿಯಮ ಒಪ್ಪುತ್ತದೆ. ವಯಸ್ಸಾದವರ ಕಣ್ಣಿಗೆ ಇದು ತೀರಾ ಸಣ್ಣದಾಯಿತು ಅಂತ ನನಗನ್ನಿಸುತ್ತದೆ. ಕನ್ನಡಕ ಹಾಕಿಕೊಂಡೇ ಓದಿ.

ರಾಜ್ಯ ಬದಲಾದರೆ ಗುರುತೂ ಬದಲಾಗುತ್ತದೆ. ಕೊಲರಾಡೊದಲ್ಲಿ ವಜ್ರದ ಆಕಾರದೊಳಗೆ 'ಟಿಎಚ್‌ಸಿ' ಅಂತ ಇರುತ್ತದೆ. 2016ರಿಂದ ಅದನ್ನು ತಿನಿಸಿನ ತುಂಡಿನ ಮೇಲೂ ಅಚ್ಚೊತ್ತುತ್ತಾರೆ. ಕವರ್ ಕಸಕ್ಕೆ ಹೋದರೂ ಗುರುತು ಉಳಿಯುತ್ತದೆ, ಒಳ್ಳೆಯ ಉಪಾಯ ಅಲ್ವಾ?

ಆಮೇಲೆ ಮಿಲಿಗ್ರಾಂ ನೋಡಿ

ಅಮಲು ಏರಿಸುವ ಅಂಶವೇ ಈ ಟಿಎಚ್‌ಸಿ. ತಿನಿಸಿನಲ್ಲಿ ಒಂದು ಸಲದ ಪಾಲಿಗೆ 10 ಮಿಲಿಗ್ರಾಂ, ಇಡೀ ಪೊಟ್ಟಣಕ್ಕೆ 100 ಮಿಲಿಗ್ರಾಂ ಮಿತಿ. ಎರಡೂ ಲೆಕ್ಕ ಲೇಬಲ್ ಮೇಲಿರಬೇಕು. ಎಡವಟ್ಟಾಗುವುದು ಇಲ್ಲೇ. ಒಂದೇ ಚಾಕೊಲೇಟ್ ತಾನೇ ಅಂತ ಪೂರ್ತಿ ತಿಂದರೆ ಹತ್ತು ಪಾಲು ಒಟ್ಟಿಗೆ ಒಳಗೆ ಹೋದಂತೆ. ಒಂದು ಪಾಲು ಎಷ್ಟು ಅಂತ ತಿಳಿಯಲೆಂದೇ ಚಾಕೊಲೇಟ್ ಮೇಲೆ ಗೆರೆ ಹಾಕಿರುತ್ತಾರೆ. ತಿಂದ ಅಮಲು ತಕ್ಷಣ ಏರುವುದೂ ಇಲ್ಲ. 2 ಗಂಟೆಯವರೆಗೂ ತಡವಾಗಬಹುದು ಅಂತ ಲೇಬಲ್‌ನ ಸರ್ಕಾರಿ ಎಚ್ಚರಿಕೆಯೇ ಹೇಳುತ್ತದೆ. 'ಏನೂ ಆಗ್ಲಿಲ್ವಲ್ಲ' ಅಂತ ಇನ್ನೊಂದು ಬಾಯಿಗೆ ಹಾಕಿಕೊಂಡವರು ಆಮೇಲೆ ಒದ್ದಾಡುತ್ತಾರೆ.

ಮುಚ್ಚಳ ಪರೀಕ್ಷಿಸಿ

ಮಕ್ಕಳು ತೆರೆಯಲಾಗದ ಪೊಟ್ಟಣದಲ್ಲೇ ಮಾರಬೇಕು ಅನ್ನುವುದು ಕಾನೂನು. ತಿನಿಸಿನ ಪೊಟ್ಟಣವಾದರೆ ಒಳಗಿರುವುದು ಹೊರಗೆ ಕಾಣಲೂಬಾರದು. ಮಕ್ಕಳು ತೆರೆಯಲಾರರು ಅಂತ ಸುಮ್ನೆ ಹೇಳಿದರೆ ಆಗದು. ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳ ಕೈಗೆ ಖಾಲಿ ಡಬ್ಬಿ ಕೊಟ್ಟು 5 ನಿಮಿಷ ಬಿಡುತ್ತಾರೆ. ನೂರಕ್ಕೆ 85 ಮಕ್ಕಳಿಂದಲಾದರೂ ತೆರೆಯಲಾಗಬಾರದು. ಆಮೇಲೆ ತೆರೆಯುವುದನ್ನು ಮಾಡಿ ತೋರಿಸಿ, ಹಲ್ಲನ್ನೂ ಬಳಸಬಹುದು ಅಂತ ಹೇಳಿ, ಇನ್ನೂ 5 ನಿಮಿಷ ಕೊಡುತ್ತಾರೆ. ಆಗಲೂ ನೂರಕ್ಕೆ 80 ಮಕ್ಕಳು ಸೋಲಬೇಕು. ಇಷ್ಟಾದರೂ ಕೆಲವು ಮಕ್ಕಳು ತೆರೆದೇ ಬಿಡುತ್ತಾರೆ ಅನ್ನುವುದನ್ನು ಮರೆಯಬೇಡಿ.

ದೊಡ್ಡವರು ಸರಿಯಾಗಿ ಮುಚ್ಚದಿದ್ದರೆ ಈ ಮುಚ್ಚಳದಿಂದ ಏನೂ ಪ್ರಯೋಜನವಿಲ್ಲ. ಪರಿಚಯದವರೊಬ್ಬರ ಮನೆಯಲ್ಲಿ ಅಡುಗೆ ಕಟ್ಟೆ ಮೇಲೆ ಅರ್ಧ ಮುಚ್ಚಿದ ಗಮ್ಮಿ ಡಬ್ಬಿ ಇತ್ತು. ನಮ್ಮ ಅಕ್ಕನ ಮಗ ಅದರೊಳಗೆ ಕೈ ಹಾಕಿದಾಗ ನಾನು ಪಕ್ಕದಲ್ಲೇ ಇದ್ದೆ. ಇಲ್ಲದಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಎದೆ ಝಲ್ಲೆನ್ನುತ್ತದೆ. ಒಮ್ಮೆ ಹರಿದರೆ ಮುಗಿಯಿತು ಅನ್ನುವಂಥ ಕವರ್‌ಗಳೂ ಇವೆ. ತೆರೆದ ಮೇಲೆ ಮಕ್ಕಳಿಂದ ರಕ್ಷಣೆ ಇಲ್ಲ ಅಂತ ಅವುಗಳ ಮೇಲೇ ಬರೆದಿರುತ್ತದೆ. ಅಂಥವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲೇ ಇಡಬೇಕು.

ಅಸಲಿಯೋ ನಕಲಿಯೋ

ಕಾರ್ಟೂನ್ ಚಿತ್ರ ಹಾಕುವಂತಿಲ್ಲ. 'ಕ್ಯಾಂಡಿ' ಅನ್ನುವ ಪದವನ್ನೂ ಬಳಸುವಂತಿಲ್ಲ. ಮಕ್ಕಳ ಮಿಠಾಯಿಯ ಕವರ್ ನಕಲು ಮಾಡಿದ್ದರೆ ಅದು ಕಾನೂನಿನ ಮಾಲು ಅಲ್ಲವೇ ಅಲ್ಲ. ಹಿಂಬದಿಯಲ್ಲಿ ತಯಾರಕರ ಹೆಸರು, ಪದಾರ್ಥಗಳ ಪಟ್ಟಿ, ಬ್ಯಾಚ್ ಸಂಖ್ಯೆ ಇವೆಯೇ ನೋಡಿ.

ವಿಮಾನಕ್ಕೆ ಬೇಡ

ರಾಜ್ಯ ಒಪ್ಪಿದರೂ ಅಮೆರಿಕದ ಕೇಂದ್ರ ಕಾನೂನು ಒಪ್ಪಿಲ್ಲ. ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವವರಿಗೆ, ಬಳಸಿದ್ದೇನೆ ಅಂತ ಒಪ್ಪಿಕೊಳ್ಳುವುದೇ ತೊಂದರೆ ತರಬಹುದು. ಊರಿಗೆ ಬರುವಾಗ ಬ್ಯಾಗಿನಲ್ಲಿ ಒಂದು ತುಂಡೂ ಇರಬಾರದು.

ಮಗು ತಿಂದೇ ಬಿಟ್ಟರೆ

1-800-222-1222ಕ್ಕೆ ಕರೆ ಮಾಡಿ. ಇದು ವಿಷ ನಿಯಂತ್ರಣ ಕೇಂದ್ರದ ಉಚಿತ ಸಂಖ್ಯೆ, ಹಗಲು ರಾತ್ರಿ ಸಿಗುತ್ತದೆ. ಮಗುವಿನ ವಯಸ್ಸು, ತೂಕ, ಎಷ್ಟು ತುಂಡು ಹೋಗಿದೆ, ತುಂಡಿಗೆ ಎಷ್ಟು ಮಿಲಿಗ್ರಾಂ ಅಂತ ಹೇಳಿ. ಮಗು ಎಬ್ಬಿಸಿದರೂ ಏಳದಿದ್ದರೆ, ಉಸಿರಾಟ ಸರಿಯಿಲ್ಲದಿದ್ದರೆ ನೇರವಾಗಿ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ಪೊಟ್ಟಣವನ್ನು ಎಸೆಯದೆ ಆಸ್ಪತ್ರೆಗೆ ಜೊತೆಗೇ ಒಯ್ಯಿರಿ. ವೈದ್ಯರು ಮೊದಲು ಕೇಳುವುದು ಅದನ್ನೇ.