ಪಂಕ್ ಹಾಡಿನ ವೇಗ ನಾವು ಇಳಿಸಿದ್ದು ಯಾಕೆ

ಬೆಂಗಳೂರಿನ ಒಂದು ಸಣ್ಣ ಪಂಕ್ (ಸಿಟ್ಟಿನ, ವೇಗದ ರಾಕ್ ಸಂಗೀತ) ಬ್ಯಾಂಡ್‌ನಲ್ಲಿ ನಾನು ಬೇಸ್ ಗಿಟಾರ್ ನುಡಿಸುತ್ತೇನೆ, ಹಾಡುಗಳನ್ನೂ ಬರೆಯುತ್ತೇನೆ. ಪಂಕ್‌ನಲ್ಲಿ ರಾಜಕೀಯಕ್ಕೂ ಸಂಗೀತಕ್ಕೂ ಜಗಳ ಇದ್ದೇ ಇರುತ್ತದೆ. ಹಾಡಿಗೆ ವೇಗ ಬೇಕು, ಗದ್ದಲ ಬೇಕು. ಮಾತಿಗೆ ಕೇಳುವ ಕಿವಿ ಬೇಕು. ಒಂದೂವರೆ ನಿಮಿಷದಲ್ಲಿ ಗುತ್ತಿಗೆ ಪದ್ಧತಿ ಬಗ್ಗೆ ಏನು ತಾನೇ ಹೇಳಬಹುದು?

2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಎಂದು ಮುಷ್ಕರ ಹೂಡಿದರು. ಆಮೇಲೆ ನಾನು ಅವರ ಬಗ್ಗೆ ಒಂದು ಹಾಡು ಬರೆದೆ. ವೇದಿಕೆಗೆ ಒಯ್ಯುವ ಮುಂಚೆ, ಬೆಳಗಿನ ಹಾಜರಿ ಹಾಕುವ ಜಾಗಕ್ಕೆ ಹೋಗಿ ಅಲ್ಲಿದ್ದ ಹೆಂಗಸರಿಗೆ ಫೋನಿನಲ್ಲಿ ಕೇಳಿಸಿದೆ. "ಚೆನ್ನಾಗಿ ಬೈದಿದೀಯಪ್ಪ. ಆದ್ರೆ ನಮ್ ಸಂಬಳದ ಮಾತೇ ಕೇಳಿಸ್ಲಿಲ್ಲ" ಅಂದರು ಒಬ್ಬ ಅಕ್ಕ. ಸಂಬಳದ ಸಾಲು ಹಾಡಿನಲ್ಲಿತ್ತು. ಡ್ರಮ್ಸ್ ಅದನ್ನು ನುಂಗಿಹಾಕಿತ್ತು.

ಇದು ಹಳೇ ತೊಡಕು. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಡಯಲ್ ಹೌಸ್ ಎಂಬ ಮನೆಯಲ್ಲಿ ಬೇರೂರಿದ್ದ ಕ್ರಾಸ್ ಎಂಬ ಪಂಕ್ ಬ್ಯಾಂಡ್ 1977ರಿಂದ 1984ರವರೆಗೆ ಯುದ್ಧ, ಸರ್ಕಾರ, ಚರ್ಚು ಎಲ್ಲದರ ವಿರುದ್ಧ ಕಿರುಚಿ ಹಾಡಿತು. ಕಿರುಚಿದ್ದು ಅರ್ಥವಾಗಲಿ ಎಂದು ರೆಕಾರ್ಡಿನ ಹೊದಿಕೆಯನ್ನೇ ಮಡಚಿದ ಪೋಸ್ಟರ್ ಮಾಡಿ ಹಾಡಿನ ಸಾಹಿತ್ಯ ಅಚ್ಚು ಹಾಕಿದರು. ಇದಕ್ಕಿಂತ ಜಾಸ್ತಿ ಕೊಡಬೇಡಿ ಎಂದು ಬೆಲೆಯನ್ನೂ ಅದರ ಮೇಲೇ ಬರೆದರು.

ನಾವೂ ಸಾಹಿತ್ಯವನ್ನು ಜೆರಾಕ್ಸ್ ಮಾಡಿಸಿ ಗೇಟಿನಲ್ಲಿ ಹಂಚಿದೆವು. ಆದರೆ ಕತ್ತಲಲ್ಲಿ ಕುಣಿಯುವವರು ಓದುತ್ತಾರಾ? ಸಂಬಳದ ಚರಣದ ವೇಗ ಅರ್ಧಕ್ಕೆ ಇಳಿಸೋಣ ಅಂದೆ. "ಭಾವಗೀತೆ ಆಗುತ್ತೆ ಕಣೋ" ಎಂದ ಡ್ರಮ್ಮರ್. ಸುಮಾರು ಹೊತ್ತು ವಾದ ಆಯಿತು. ಕೊನೆಗೆ ಆ ಚರಣಕ್ಕೆ ಡ್ರಮ್ಸ್, ಗಿಟಾರ್ ಎರಡನ್ನೂ ತೆಗೆದೆವು. ಬರೀ ಬೇಸ್, ಗಾಯಕಿಯ ದನಿ. ಅದು ಮುಗಿದ ತಕ್ಷಣ ಪೂರ್ತಿ ವೇಗ. ಆ ಬಿಡುವಿನ ನಂತರ ಹೊಡೆತ ಇನ್ನೂ ಜೋರಾಗಿ ಬಡಿಯುತ್ತದೆ ಅಂತ ಡ್ರಮ್ಮರೇ ಆಮೇಲೆ ಒಪ್ಪಿದ.

ದುಡ್ಡಿನ ವಿಷಯದಲ್ಲಿ ಇಷ್ಟು ವಾದ ಇರಲಿಲ್ಲ. ಒಂದು ಬಿಯರ್ ಕಂಪನಿ ಪ್ರಾಯೋಜಿಸಲು ಬಂದಿತ್ತು, ಬೇಡ ಅಂದೆವು. ಇಂಗ್ಲೆಂಡಿನ ಚಂಬವಾಂಬಾ ಬ್ಯಾಂಡ್ ಇಎಂಐ ಎಂಬ ದೊಡ್ಡ ರೆಕಾರ್ಡ್ ಕಂಪನಿಯ ವಿರುದ್ಧದ ಹಾಡುಗಳ ಸಂಕಲನದಲ್ಲಿ ಹಾಡಿ, 1997ರಲ್ಲಿ ಅದೇ ಕಂಪನಿ ಸೇರಿ ಬೈಸಿಕೊಂಡಿತು. ಆಮೇಲೆ ಜನರಲ್ ಮೋಟರ್ಸ್ ಕಾರು ಕಂಪನಿಯ ಜಾಹೀರಾತಿಗೆ ಹಾಡು ಕೊಟ್ಟು, ಆ ಹಣವನ್ನು ಕಾರ್ಪೊರೇಟ್ ಕಂಪನಿಗಳ ಮೇಲೆ ಕಣ್ಣಿಡುವ ಗುಂಪುಗಳಿಗೇ ದಾಟಿಸಿತು. ಅದು ಸರಿಯಾದ ಕೆಲಸ ಎಂದೇ ನನ್ನ ನಂಬಿಕೆ. ಅವರ ಹೆಸರು ಅಷ್ಟು ದೊಡ್ಡದಾಗಿತ್ತು, ಜಾಹೀರಾತಿನಲ್ಲಿ ಮುಳುಗಿಹೋಗುವಂಥದ್ದಲ್ಲ. ನಮ್ಮಂಥ ಸಣ್ಣ ಬ್ಯಾಂಡಿನ ಹಿಂದೆ ಬಿಯರ್ ಬ್ಯಾನರ್ ಕಟ್ಟಿದರೆ ಜನಕ್ಕೆ ಬ್ಯಾನರ್ ಒಂದೇ ಕಾಣುತ್ತದೆ, ಅಲ್ವಾ?

ನಿಜವಾದ ಕಷ್ಟ ವೇದಿಕೆಯ ಕೆಳಗಿರುತ್ತದೆ. ಹಾಡಿನಲ್ಲಿ ಸಮಾನತೆ ಇರುತ್ತದೆ, ಮುಂದಿನ ಸಾಲಿನಲ್ಲಿ ಗಂಡುಹುಡುಗರು ಹುಡುಗಿಯರನ್ನು ತಳ್ಳಿ ಮೂಲೆಗೆ ಒತ್ತುತ್ತಿರುತ್ತಾರೆ. ವಾಷಿಂಗ್ಟನ್‌ನ ಫುಗಾಜಿ ಬ್ಯಾಂಡ್ ಟಿಕೆಟ್ ದರವನ್ನು ಐದು ಡಾಲರ್ ಆಸುಪಾಸಿನಲ್ಲೇ ಇಟ್ಟಿತ್ತು. ಯಾರಾದರೂ ಜನರ ಮೇಲೆ ಬಿದ್ದು ನೋಯಿಸಿದರೆ ಅದರ ಗಾಯಕ ಇಯಾನ್ ಮೆಕೈ ಹಾಡು ನಿಲ್ಲಿಸಿ, ದುಡ್ಡು ವಾಪಸ್ ಕೊಟ್ಟು ಹೊರಗೆ ಕಳಿಸುತ್ತಿದ್ದರು. ನಾವೂ ಹಾಗೇ ಮಾಡುತ್ತೇವೆ. ಆದರೆ ಡ್ರಮ್ಮರ್‌ಗೆ ಮುಂದಿನ ಸಾಲೂ ಕಾಣುವುದಿಲ್ಲ, ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಒಂದು ಸನ್ನೆ ಇಟ್ಟುಕೊಂಡಿದ್ದೇವೆ. ಗಾಯಕಿ ತಿರುಗಿ ಕೈ ಎತ್ತಿದರೆ ಎಲ್ಲರೂ ಆ ತಾಳಕ್ಕೇ ನಿಲ್ಲಬೇಕು. ಪ್ರತಿ ಪ್ರಾಕ್ಟೀಸ್‌ನಲ್ಲೂ, ಹಾಡು ರಂಗೇರಿದ ಹೊತ್ತಿನಲ್ಲೇ, ಅವಳು ಹೇಳದೆ ಕೈ ಎತ್ತುತ್ತಾಳೆ.