ಷಡ್ಜವನ್ನು ತಡೆಹಿಡಿದು ಬರೆದ ಕಥೆ

ಬಳ್ಳಾರಿ ನಗರದ ಹೊರವಲಯದಲ್ಲಿರುವ ಸಂಗನಕಲ್ಲಿನ ಗುಡ್ಡಗಳಿಗೆ ನಾನು ಮೊದಲು ಹೋದಾಗ ಬರೆಯುವ ಯೋಚನೆಯೇ ಇರಲಿಲ್ಲ. ನವಶಿಲಾಯುಗದ ಜನ ಅಲ್ಲಿ ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದರೆಂದು ಓದಿದ್ದೆ. ಆ ಜಾಗವನ್ನು ಕಣ್ಣಾರೆ ಕಾಣಬೇಕೆಂಬ ಆಸೆಯೊಂದೇ ಇತ್ತು. ಕುಪ್ಪಗಲ್ಲಿನ ಕಡೆಗಿರುವ ಹಿರೇಗುಡ್ಡವನ್ನು ಏರಿದರೆ, ಬೂದುಬಣ್ಣದ ಗ್ರಾನೈಟ್ ಬಂಡೆಗಳ ನಡುವೆ ಕಪ್ಪು ಕಲ್ಲಿನ ಪಟ್ಟಿಯೊಂದು ಬೆನ್ನೆಲುಬಿನಂತೆ ಹಾದುಹೋಗಿರುವುದು ಕಾಣುತ್ತದೆ. ಗ್ರಾನೈಟಿನ ಬಿರುಕಿನೊಳಗೆ ನುಗ್ಗಿದ ಶಿಲಾರಸ ತಣಿದು ಗಟ್ಟಿಯಾಗಿ ಆದ ಡಾಲರೈಟ್ ಅದು. ಅದರ ಮೇಲೆ ಡುಬ್ಬದ, ಉದ್ದ ಕೊಂಬಿನ ಎತ್ತುಗಳನ್ನೂ ಮನುಷ್ಯರನ್ನೂ ಕುಟ್ಟಿ ಕುಟ್ಟಿ ಬಿಡಿಸಿದ್ದಾರೆ. ಕೆಲವು ಬಂಡೆಗಳ ಮೇಲೆ ಚಿತ್ರಗಳ ಬದಲು ಅಂಗೈಯಗಲದ ನುಣುಪಾದ ಗುಳಿಗಳಿವೆ. ಆ ಗುಳಿಗಳಲ್ಲಿ ಬಡಿದರೆ ಕಲ್ಲು ಲೋಹದಂತೆ ನಾದ ಕೊಡುತ್ತದೆ.

ಬಡಿದು ನೋಡುವ ಆಸೆಯಿಂದ ನಾನು ಚೂಪಾದ ಕಲ್ಲೊಂದನ್ನು ಎತ್ತಿಕೊಂಡಾಗ, ಅಲ್ಲೇ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ತಡೆದರು. “ಹಂಗ ಬಡೀಬ್ಯಾಡ್ರಿ ಸಾರ್, ಕಲ್ಲು ಸೀಳ್ತದ. ಮೊದ್ಲು ಕೈ ಇಟ್ಟು ನೋಡ್ರಿ,” ಎಂದು ಹೇಳಿ, ತಾವೇ ಒಂದು ಉರುಟು ಕಲ್ಲಿನಿಂದ ಗುಳಿಯನ್ನು ಹಗುರವಾಗಿ ತಟ್ಟಿದರು. ಕಿವಿಗೆ ಬಿದ್ದ ನಾದಕ್ಕಿಂತ ಹೆಚ್ಚಾಗಿ, ಬಂಡೆಯ ಮೇಲಿಟ್ಟಿದ್ದ ನನ್ನ ಅಂಗೈಯೊಳಗೆ ಹರಿದ ಸಣ್ಣ ನಡುಕ ನೆನಪಿನಲ್ಲಿ ಉಳಿಯಿತು. ಕಿವಿ ಮಂದವಾದ ಮುದುಕ ಕಲ್ಲುಕುಟಿಗನೊಬ್ಬನ ಕಥೆ ಹುಟ್ಟಿದ್ದು ಆ ನಡುಕದಿಂದ. ಸುತ್ತಿಗೆಯಿಂದ ತಟ್ಟಿ, ಗಟ್ಟಿ ದನಿ ಬಂದರೆ ಕಲ್ಲು ಅಖಂಡವೆಂದೂ ಮಂಕು ದನಿ ಬಂದರೆ ಒಳಗೆ ಸೀಳಿದೆಯೆಂದೂ ತಿಳಿಯುವುದು ಕಲ್ಲು ಒಡೆಯುವವರ ಕಸುಬಿನ ಮೊದಲ ಪಾಠ. ಕಿವಿಯೇ ಹೋದವನಿಗೆ ಆ ಕಸುಬಿನಲ್ಲಿ ಏನು ಉಳಿಯುತ್ತದೆ ಎಂಬುದು ನನ್ನ ಪ್ರಶ್ನೆಯಾಯಿತು.

ಮೊದಲ ಕರಡು ಕೆಟ್ಟಿತು. ತಿಳಿದದ್ದನ್ನೆಲ್ಲ ಅದರಲ್ಲಿ ತುಂಬಿದ್ದೆ. ಹಂಪಿಯ ಬಳಿ ನಿಂಬಾಪುರದಲ್ಲಿರುವ ಬೂದಿದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎನ್ನುವುದು, ದನಗಳ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಇಂಥ ದಿಬ್ಬಗಳಾದವೆಂದು ಪುರಾತತ್ವಜ್ಞರು ಹೇಳುವುದು, ಎಲ್ಲವೂ ಮುದುಕನ ಬಾಯಿಂದ ಬರುತ್ತಿದ್ದವು. ಆ ಮಾತುಗಳಲ್ಲಿ ಒಂದೂ ಅವನದಾಗಿರಲಿಲ್ಲ. ಅಲ್ಲಿಯೇ ಹುಟ್ಟಿ ಬೆಳೆದವನಿಗೆ ಗುಡ್ಡ ಪ್ರಾಚೀನವೆಂದು ಅನ್ನಿಸುವುದಿಲ್ಲ. ಅದು ಅವನು ದಿನವೂ ಬುತ್ತಿ ಬಿಚ್ಚುವ ನೆರಳು. ಇಷ್ಟು ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು.

ಕಥೆಗೆ ಆಕಾರ ಸಿಕ್ಕಿದ್ದು ಹಿಂದೂಸ್ತಾನಿ ಸಂಗೀತದ ಮಾರವಾ ರಾಗದಿಂದ. ನಾನು ಹಾಡುವವನಲ್ಲ, ಧಾರವಾಡದಲ್ಲಿ ಓದುತ್ತಿದ್ದ ದಿನಗಳಲ್ಲಿ ಸಂಗೀತದ ಬೈಠಕ್‌ಗಳ ಮೂಲೆಯಲ್ಲಿ ಕುಳಿತು ಕಿವಿ ಪಳಗಿಸಿಕೊಂಡವನು. ಸೂರ್ಯ ಮುಳುಗುವ ಹೊತ್ತಿನ ಆ ರಾಗದಲ್ಲಿ ಪಂಚಮವಿಲ್ಲ; ಕೋಮಲ ರಿಷಭ ಮತ್ತು ಧೈವತಗಳ ಮೇಲೆ ಗಾಯಕರು ನಿಲ್ಲುತ್ತಾರೆ, ಷಡ್ಜದ, ಅಂದರೆ ‘ಸ’ ಸ್ವರದ, ಹತ್ತಿರ ಬಂದು ಬಂದು ಅದನ್ನು ಮುಟ್ಟದೆ ಹೊರಳುತ್ತಾರೆ. ಎಲ್ಲ ರಾಗಗಳಿಗೂ ಮನೆಯಾದ ಸ್ವರವನ್ನೇ ಹೀಗೆ ದೂರವಿಟ್ಟಾಗ ಕೇಳುಗನೊಳಗೆ ಒಂದು ತಳಮಳ ಬೆಳೆಯುತ್ತದೆ. ಕಡೆಗೊಮ್ಮೆ ಷಡ್ಜ ಬಂದಾಗ ಅದು ಬಹು ಕಾಲದಿಂದ ಕಾದಿದ್ದ ಸ್ವರವಾಗಿರುತ್ತದೆ. ನನ್ನ ಕಥೆಯ ಷಡ್ಜ ಆ ಕಲ್ಲಿನ ನಾದ ಎಂದು ಹೊಳೆದ ಸಂಜೆ ಹಳೆಯ ಕರಡನ್ನು ಬದಿಗಿಟ್ಟು ಒಂದು ನಿಯಮ ಮಾಡಿಕೊಂಡೆ: ಕೊನೆಯ ಪುಟದವರೆಗೆ ಆ ನಾದವನ್ನು ಎಲ್ಲಿಯೂ ವರ್ಣಿಸಕೂಡದು. ಜನ ಅದರ ಬಗ್ಗೆ ಮಾತಾಡಬಹುದು, ಮಕ್ಕಳು ಬಡಿಯಲು ಓಡಬಹುದು. ಓದುಗನಿಗೆ ಮಾತ್ರ ಅದು ಕೇಳಿಸಬಾರದು.

ವಾಕ್ಯಗಳ ನಡೆಯನ್ನು ತಿದ್ದಿಕೊಂಡದ್ದೂ ಸಂಗೀತದಿಂದಲೇ. ಎಲೆಕ್ಟ್ರಾನಿಕ್ ತಂಬೂರಿಯನ್ನು, ಮಾರವಾಕ್ಕೆ ಮಾಡುವಂತೆ, ಪಂಚಮದ ಬದಲು ನಿಷಾದಕ್ಕೆ ಶ್ರುತಿ ಮಾಡಿಟ್ಟು, ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದೆ. ನಿಧಾನಗತಿಯ ವಿಲಂಬಿತ ಏಕತಾಲದಲ್ಲಿ 12 ಮಾತ್ರೆಗಳ ಒಂದು ಆವರ್ತನ ಮುಗಿಯಲು ಮುಕ್ಕಾಲು ನಿಮಿಷವೂ ಹಿಡಿಯಬಹುದು. ಅಷ್ಟು ಹೊತ್ತು ಸಮ್‌ಗಾಗಿ, ಅಂದರೆ ಆವರ್ತನ ಮತ್ತೆ ಶುರುವಾಗುವ ಮೊದಲ ಮಾತ್ರೆಗಾಗಿ, ಕಾಯಬಲ್ಲ ಕೇಳುಗನಿದ್ದಾನೆಂದ ಮೇಲೆ, ಗುಡ್ಡ ಏರುವ ಮುದುಕನ ಉಸಿರಿನಷ್ಟು ಉದ್ದದ ವಾಕ್ಯವನ್ನು ಓದುಗನೂ ತಾಳಿಕೊಳ್ಳುತ್ತಾನೆ ಎಂಬ ಧೈರ್ಯ ಬಂತು. ಓದುವಾಗ ನಾಲಿಗೆ ತೊಡರಿದಲ್ಲೆಲ್ಲ ಬಹುತೇಕ ಒಂದು ವಿಶೇಷಣ ಹೆಚ್ಚಾಗಿರುತ್ತಿತ್ತು.

ಕೊನೆಯ ಪುಟ ಮಾತ್ರ ತಿಂಗಳುಗಟ್ಟಲೆ ಕಾಡಿತು. ‘ಠಣ್’, ‘ಗಣ್’, ‘ಝಣ’ ಎಂದು ಬರೆದುಕೊಂಡ ಪದಗಳೆಲ್ಲ ಗುಡಿಯ ಗಂಟೆಗೋ ಕಂಚಿನ ತಟ್ಟೆಗೋ ಸೇರಿದವು. ಮತ್ತೆ ಹಿರೇಗುಡ್ಡಕ್ಕೆ ಹೋಗಿ, ಏನನ್ನೂ ಬಡಿಯದೆ, ಬಿಸಿಲು ಇಳಿಯುವವರೆಗೆ ಕುಳಿತು ಬಂದೆ. ಈಗ ಆ ಪುಟದಲ್ಲಿ ಶಬ್ದಾನುಕರಣೆಯ ಪದ ಒಂದೂ ಇಲ್ಲ. ಮೊಮ್ಮಗಳು ಗುಳಿಯನ್ನು ತಟ್ಟುತ್ತಾಳೆ. ಬಂಡೆಯ ಮೇಲೆ ಅಂಗೈ ಊರಿ ಕುಳಿತ ಮುದುಕ, ನಡುಕ ಮೊಣಕೈವರೆಗೆ ಬಂದು ನಿಂತಾಗ, “ಸೀಳಿಲ್ಲವ್ವಾ, ಇನ್ನೂ ಗಟ್ಟಿ ಐತಿ,” ಎನ್ನುತ್ತಾನೆ.